ಸೇರಿಸುವವರು, ಕತ್ತರಿಸುವವರು

1651ರ ನವೆಂಬರ್ 28ರಂದು ವೆನಿಸ್‌ನ ಸಾಂತ್ ಅಪೊಲ್ಲಿನಾರೆ ಎಂಬ ಪುಟ್ಟ ರಂಗಮಂದಿರದಲ್ಲಿ ‘ಲಾ ಕಲಿಸ್ತೊ’ ಎಂಬ ಹೊಸ ಒಪೆರಾ, ಎಂದರೆ ಹಾಡಿನಲ್ಲೇ ನಡೆಯುವ ನಾಟಕ, ರಂಗವೇರಿತು. ಸಂಗೀತ ಫ್ರಾಂಚೆಸ್ಕೊ ಕವಾಲ್ಲಿಯದು. ಪಠ್ಯ ಬರೆದವನು ಜೊವಾನ್ನಿ ಫೌಸ್ತಿನಿ. ರಂಗಮಂದಿರವನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದವನೂ ಅವನೇ. ಜನ ಬರಲಿಲ್ಲ. ಡಿಸೆಂಬರ್ 19ರಂದು, ಆಟ ಇನ್ನೂ ನಡೆಯುತ್ತಿರುವಾಗಲೇ, ಫೌಸ್ತಿನಿ ತೀರಿಕೊಂಡ. ವರ್ಷದ ಕೊನೆಗೆ, ಒಟ್ಟು 11 ಪ್ರದರ್ಶನಗಳಾದ ಮೇಲೆ, ‘ಕಲಿಸ್ತೊ’ ನಿಂತುಹೋಯಿತು. ಆ ಹಂಗಾಮಿನ ಖರ್ಚುವೆಚ್ಚದ ಲೆಕ್ಕಪತ್ರಗಳು ವೆನಿಸ್‌ನ ದಾಖಲಾಗಾರದಲ್ಲಿ ಇವತ್ತಿಗೂ ಇವೆ.

ಇದೇ ‘ಕಲಿಸ್ತೊ’ 1970ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಉತ್ಸವದಲ್ಲಿ ಮತ್ತೆ ಕೇಳಿಸಿತು, 1993ರಲ್ಲಿ ಬ್ರಸೆಲ್ಸ್‌ನಲ್ಲಿ ಇನ್ನೊಂದು ರೂಪ ತಾಳಿತು, 2021ರಲ್ಲಿ ಮಿಲಾನಿನ ಲಾ ಸ್ಕಾಲಾವನ್ನೇ ಏರಿತು. ತನ್ನ ಕಾಲದಲ್ಲಿ ತಿರಸ್ಕೃತವಾದ ಕೃತಿಗೆ ಮೂರು ಶತಮಾನಗಳ ನಂತರ ನ್ಯಾಯ ಸಿಕ್ಕಿತು ಎಂದು ಈ ಕಥೆಯನ್ನು ಮುಗಿಸಿಬಿಡಬಹುದು. ಉತ್ಸವದ ಕರಪತ್ರಗಳಲ್ಲಿ ಹಾಗೆಯೇ ಬರೆದಿರುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಗ್ಲೈಂಡ್‌ಬೋರ್ನ್‌ನಲ್ಲಿ ಜನ ಕೇಳಿದ್ದಕ್ಕೂ ಬ್ರಸೆಲ್ಸ್‌ನಲ್ಲಿ ಕೇಳಿದ್ದಕ್ಕೂ ನಡುವೆ ಇರುವ ಅಂತರ ನೋಡಿದರೆ, ಮತ್ತೆ ಜೀವ ಪಡೆದದ್ದು ಒಂದೇ ಕೃತಿಯೇ ಎಂದು ಅನುಮಾನ ಬರುತ್ತದೆ. ಈ ಬರಹ ಆ ಅನುಮಾನದ ಬೆನ್ನು ಹತ್ತಿ ಹೋದದ್ದು.

ಮೊದಲು ಕಥೆ, ಏಕೆಂದರೆ ಅದು ಚೆನ್ನಾಗಿದೆ. ಕಲಿಸ್ತೊ ಎಂಬ ಅಪ್ಸರೆ ಬೇಟೆಯ ದೇವಿ ದಿಯಾನಾಳ ಪರಿವಾರದವಳು. ಗಂಡಸರ ಸಹವಾಸ ಬೇಡವೆಂದು ವ್ರತ ತೊಟ್ಟವಳು. ದೇವರಾಜ ಜೋವೆಗೆ ಅವಳ ಮೇಲೆ ಕಣ್ಣು. ಗಂಡಾಗಿ ಹೋದರೆ ದಕ್ಕುವುದಿಲ್ಲವೆಂದು ಅವನು ದಿಯಾನಾಳ ವೇಷವನ್ನೇ ತೊಟ್ಟು ಹೋಗುತ್ತಾನೆ. ಇತ್ತ ಅಸಲಿ ದಿಯಾನಾ ಒಬ್ಬ ಕುರುಬನನ್ನು ಗುಟ್ಟಾಗಿ ಪ್ರೀತಿಸುತ್ತಿದ್ದಾಳೆ. ಆ ಕುರುಬ ಬಂದು ವೇಷಧಾರಿ ಜೋವೆಯನ್ನೇ ತನ್ನ ದೇವಿಯೆಂದು ತಿಳಿದು ಅಪ್ಪಿಕೊಳ್ಳುತ್ತಾನೆ. ಜೋವೆಯ ಹೆಂಡತಿಯ ಸಿಟ್ಟಿಗೆ ಕಲಿಸ್ತೊ ಕರಡಿಯಾಗುತ್ತಾಳೆ. ಕೊನೆಗೆ ಆಕಾಶದಲ್ಲಿ ನಕ್ಷತ್ರಗಳಾಗುವ ವರ ಪಡೆಯುತ್ತಾಳೆ. ನಾವು ಸಪ್ತರ್ಷಿ ಮಂಡಲ ಎಂದು ತೋರಿಸುವ ಏಳು ಚುಕ್ಕೆಗಳು ಅವರ ಲೆಕ್ಕದಲ್ಲಿ ಆ ಕರಡಿಯ ಬೆನ್ನು ಮತ್ತು ಬಾಲ. ಪೋಲಿತನ, ದೈವಿಕತೆ, ಕಣ್ಣೀರು ಮೂರೂ ಒಂದೇ ದೃಶ್ಯದಲ್ಲಿ ಬೆರೆತು ಬರುವ ಈ ಗುಣ ಹದಿನೇಳನೆಯ ಶತಮಾನದ ವೆನಿಸ್‌ಗೆ ಸಹಜವಾಗಿತ್ತು. ಮುಂದಿನ ಶತಮಾನದ ಶಿಷ್ಟರು ಅದನ್ನು ಸಹಿಸಲಿಲ್ಲ, ಹಾಸ್ಯವನ್ನೂ ಗಾಂಭೀರ್ಯವನ್ನೂ ಬೇರೆ ಬೇರೆ ಮನೆಗಳಲ್ಲಿ ಕೂರಿಸಿದರು.

ಇಂಥವು ಮರೆತುಹೋದದ್ದೇಕೆ ಎಂಬ ಪ್ರಶ್ನೆಯೇ ಸ್ವಲ್ಪ ತಲೆಕೆಳಗಾಗಿದೆ. ಇವನ್ನು ನೆನಪಿಡಬೇಕೆಂಬ ಉದ್ದೇಶವೇ ಯಾರಿಗೂ ಇರಲಿಲ್ಲ. ಒಪೆರಾ ಹುಟ್ಟಿದ್ದು ಅರಮನೆಗಳಲ್ಲಿ, ಮದುವೆ ಮುಂಜಿಯಂಥ ಸಂದರ್ಭಗಳಿಗೆ. 1637ರಲ್ಲಿ ವೆನಿಸ್‌ನ ಸಾನ್ ಕಸ್ಸಿಯಾನೊ ರಂಗಮಂದಿರ ಟಿಕೆಟ್ ಕೊಂಡ ಯಾರಿಗಾದರೂ ಬಾಗಿಲು ತೆರೆದ ಮೇಲೆ ಅದು ವ್ಯಾಪಾರವಾಯಿತು. ಶ್ರೀಮಂತ ಮನೆತನಗಳು ಬಾಕ್ಸ್‌ಗಳನ್ನು ವರ್ಷಗಟ್ಟಲೆ ಬಾಡಿಗೆಗೆ ಹಿಡಿದವು. ಕ್ರಿಸ್‌ಮಸ್‌ನ ಮರುದಿನದಿಂದ ಕಾರ್ನಿವಲ್ ಹಬ್ಬ ಮುಗಿಯುವವರೆಗೆ ಮುಖ್ಯ ಹಂಗಾಮು. ಒಂದೇ ಊರಿನಲ್ಲಿ ನಾಲ್ಕಾರು ರಂಗಮಂದಿರಗಳ ಪೈಪೋಟಿ. ಹೋದ ವರ್ಷದ ಒಪೆರಾ ಹಳಸಿದ ಅನ್ನ. ಹೊಸದು ಬೇಕು, ಹೊಸ ಗಾಯಕಿ ಬೇಕು, ಆಕಾಶದಿಂದ ಇಳಿಯುವ ಹೊಸ ಮೋಡ ಬೇಕು. ಸ್ವರಲಿಪಿಯನ್ನು ಅಚ್ಚು ಹಾಕಿಸುವ ಗೋಜಿಗೆ ಯಾರೂ ಹೋಗಲಿಲ್ಲ; ಕೈಬರಹದ ಒಂದೆರಡು ಪ್ರತಿ ಇದ್ದರೆ ಸಾಕಿತ್ತು. ಅಚ್ಚಾಗುತ್ತಿದ್ದದ್ದು ಪಠ್ಯ ಮಾತ್ರ, ಅಂಗೈಯಗಲದ ಪುಸ್ತಿಕೆಗಳಲ್ಲಿ. ಪ್ರೇಕ್ಷಕರು ಅದನ್ನು ಬಾಗಿಲಲ್ಲಿ ಕೊಂಡು, ಸಣ್ಣ ಮೇಣದಬತ್ತಿ ಹಿಡಿದು ಓದುತ್ತ ಆಟ ನೋಡುತ್ತಿದ್ದರು. ಗ್ರಂಥಾಲಯಗಳಲ್ಲಿ ಉಳಿದಿರುವ ಕೆಲವು ಪುಸ್ತಿಕೆಗಳ ಪುಟಗಳ ಮೇಲೆ ಆ ಮೇಣದ ಹನಿಗಳು ಇನ್ನೂ ಅಂಟಿಕೊಂಡಿವೆ.

ಕವಾಲ್ಲಿ ಇದಕ್ಕೆ ಅಪವಾದ. ಅವನ ಹೆಂಡತಿ ಮರಿಯಾ ಗಂಡನ ಸ್ವರಲಿಪಿಗಳನ್ನು ನಕಲು ಮಾಡುತ್ತಿದ್ದವಳು. ಮುಂದೆ ಮುಪ್ಪಿನಲ್ಲಿ ಅವನು ಹಳೆಯ ಒಪೆರಾಗಳನ್ನು ಚೊಕ್ಕಟವಾಗಿ ಬರೆಯಿಸಿಟ್ಟ. ಆ ಸಂಪುಟಗಳು ಕೊಂತಾರಿನಿ ಮನೆತನದ ಸಂಗ್ರಹ ಸೇರಿ, ಅಲ್ಲಿಂದ ವೆನಿಸ್‌ನ ಮಾರ್ಚಿಯಾನಾ ಗ್ರಂಥಾಲಯಕ್ಕೆ ಬಂದವು. ಮೂವತ್ತಕ್ಕೂ ಹೆಚ್ಚು ಒಪೆರಾ ಬರೆದವನ ಬಹುಪಾಲು ಕೃತಿಗಳು ಉಳಿದದ್ದು ಈ ಎಚ್ಚರದಿಂದ. ಅವನ ಗುರುಸಮಾನನಾದ ಮೊಂತೆವೆರ್ದಿ ಎಷ್ಟು ದೊಡ್ಡವನಾದರೂ ಅವನ ಹಲವು ಒಪೆರಾಗಳು ಕಳೆದೇಹೋಗಿವೆ. 1608ರ ‘ಲಾರಿಯಾನ್ನಾ’ದಿಂದ ನಮಗೆ ದಕ್ಕಿರುವುದು ಒಂದು ವಿಲಾಪ ಮಾತ್ರ.

ಹದಿನೆಂಟನೆಯ ಶತಮಾನಕ್ಕೆ ಬಂದರೆ ಈ ಮರೆವು ಇನ್ನೊಂದು ರೂಪ ತಾಳುತ್ತದೆ. ಆಗ ಇಡೀ ಯುರೋಪಿನ ಒಪೆರಾಗೆ ಪಠ್ಯ ಒದಗಿಸುತ್ತಿದ್ದವನು ಪಿಯೆತ್ರೊ ಮೆತಸ್ತಾಸಿಯೊ. ಅವನ ‘ಅರ್ತಸೆರ್ಸೆ’ಗೆ 80ಕ್ಕೂ ಹೆಚ್ಚು ಸಂಗೀತಗಾರರು ಸಂಗೀತ ಕೂಡಿಸಿದ್ದಾರೆ. ನಮ್ಮ ಕರಾವಳಿಯ ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಭಿಮನ್ಯು ಸಾಯುತ್ತಾನೋ ಇಲ್ಲವೋ ತಿಳಿಯಲು ಯಾರೂ ‘ಅಭಿಮನ್ಯು ಕಾಳಗ’ಕ್ಕೆ ಹೋಗುವುದಿಲ್ಲ, ಈ ಸಲದ ಭಾಗವತರು ಯಾರು, ಅಭಿಮನ್ಯು ಯಾರದು ಎಂದು ಕೇಳಿ ಹೋಗುತ್ತಾರೆ. ಮೆತಸ್ತಾಸಿಯೊನ ಪ್ರೇಕ್ಷಕರೂ ಹಾಗೆ. ಪ್ರಸಂಗ ಉಳಿಯುತ್ತದೆ, ಆ ರಾತ್ರಿಯ ಆಟ ಉಳಿಯುವುದಿಲ್ಲ. ಉಳಿಯಬೇಕಿತ್ತು ಎಂದು ಅವರಿಗೆ ಅನ್ನಿಸಿರಲೂ ಇಲ್ಲ.

ಹೀಗೆ ಬಿಟ್ಟುಹೋದ ಕಾಗದ ಎಲ್ಲೆಲ್ಲಿ ಅಲೆಯಿತು ಎಂಬುದಕ್ಕೆ ವಿವಾಲ್ದಿಯ ಕಥೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಬ್ಯಾಂಕಿಗೆ ಫೋನ್ ಮಾಡಿದಾಗ ಕಾಯಿಸುತ್ತ ಕೇಳಿಸುವ ಪಿಟೀಲಿನ ಆ ‘ವಸಂತ’ದ ವಿವಾಲ್ದಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವನನ್ನು ಬಲ್ಲವರೇ ಕಡಿಮೆ, ಒಪೆರಾಗಳ ವಿಷಯವಂತೂ ಪಂಡಿತರಿಗೂ ಮಸುಕು. 1926ರಲ್ಲಿ ಉತ್ತರ ಇಟಲಿಯ ಬೊರ್ಗೊ ಸಾನ್ ಮಾರ್ತಿನೊದ ಸಲೇಸಿಯನ್ ಪಾದ್ರಿಗಳಿಗೆ ತಮ್ಮ ಶಾಲೆಯ ಕಟ್ಟಡ ರಿಪೇರಿಗೆ ಹಣ ಬೇಕಾಯಿತು. ಮನೆಯಲ್ಲಿ ಹಳೆಯ ಸಂಗೀತದ ಪುಸ್ತಕಗಳ ರಾಶಿ ಇತ್ತು. ಮಾರಿದರೆ ಎಷ್ಟು ಬಂದೀತು ಎಂದು ಟ್ಯೂರಿನ್‌ನ ರಾಷ್ಟ್ರೀಯ ಗ್ರಂಥಾಲಯವನ್ನು ವಿಚಾರಿಸಿದರು. ಗ್ರಂಥಾಲಯದ ಮುಖ್ಯಸ್ಥ ಲುಯಿಜಿ ತೊರ್ರಿ ಅದನ್ನು ಸಂಗೀತಶಾಸ್ತ್ರಜ್ಞ ಅಲ್ಬೆರ್ತೊ ಜೆಂತಿಲಿಗೆ ತೋರಿಸಿದ. 97 ಸಂಪುಟಗಳು, ಅವುಗಳಲ್ಲಿ 14 ವಿವಾಲ್ದಿಯವು, ಹೆಚ್ಚಿನವು ಅವನ ಕೈಬರಹದಲ್ಲೇ.

ಸಿಕ್ಕಿದ್ದನ್ನು ಹೊರಗೆ ಹೇಳಿದರೆ ವ್ಯಾಪಾರಿಗಳು ಮುತ್ತುತ್ತಾರೆ. ಗ್ರಂಥಾಲಯದ ಬಳಿ ಕೊಳ್ಳುವಷ್ಟು ಹಣವಿಲ್ಲ. ಜೆಂತಿಲಿ ರೊಬೆರ್ತೊ ಫೊವಾ ಎಂಬ ಷೇರು ದಲ್ಲಾಳಿಯನ್ನು ಹಿಡಿದ. ಫೊವಾ ಅದೇ ಹೊತ್ತಿಗೆ ತನ್ನ ಎಳೆಯ ಮಗ ಮಾವ್ರೊನನ್ನು ಕಳೆದುಕೊಂಡಿದ್ದ. ಮಗನ ಹೆಸರಿನಲ್ಲಿ ಆ ಸಂಗ್ರಹವನ್ನು ಕೊಂಡು ಗ್ರಂಥಾಲಯಕ್ಕೆ ದಾನ ಕೊಟ್ಟ. ಸಂಪುಟಗಳನ್ನು ಜೋಡಿಸಿ ಇಟ್ಟು ನೋಡಿದಾಗ ಜೆಂತಿಲಿಗೆ ಇನ್ನೊಂದು ಸಂಗತಿ ಹೊಳೆಯಿತು: ಕ್ರಮಸಂಖ್ಯೆಗಳಲ್ಲಿ ಖಾಲಿ ಜಾಗಗಳಿವೆ. ಇದು ಅರ್ಧ ಮಾತ್ರ. ಹಿಂದೆ ಯಾವಾಗಲೋ ದಾಯಾದಿಗಳು ಹಂಚಿಕೊಂಡ ಆಸ್ತಿ. ಹುಡುಕುತ್ತ ಹೋದಾಗ ಉಳಿದರ್ಧ ಜಿನೋವಾದ ದುರಾತ್ಸೊ ಮನೆತನದ ವಾರಸುದಾರನ ಬಳಿ ಸಿಕ್ಕಿತು. ಅವನನ್ನು ಒಪ್ಪಿಸುವ ಹೊತ್ತಿಗೆ 1930 ಬಂದಿತ್ತು. ಈ ಬಾರಿ ಹಣ ಕೊಟ್ಟವನು ಫಿಲಿಪ್ಪೊ ಜೊರ್ದಾನೊ ಎಂಬ ಉದ್ಯಮಿ. ಅವನ ಮಗ ರೆಂತ್ಸೊ ಕೂಡ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಿದ್ದ. ಇವತ್ತು ವಿವಾಲ್ದಿಯ ಒಪೆರಾ ಹಾಡುವ ಯಾರೇ ಆಗಲಿ ಮೂಲಪ್ರತಿಯನ್ನು ಉಲ್ಲೇಖಿಸುವಾಗ ‘ಫೊವಾ’ ಅಥವಾ ‘ಜೊರ್ದಾನೊ’ ಎಂದು ಬರೆಯಲೇಬೇಕು. ಆ ಎರಡು ಹೆಸರುಗಳ ಹಿಂದೆ ಇರುವುದು ಆ ಎರಡು ಮಕ್ಕಳು.

ಜೆಂತಿಲಿಗೆ ಏನು ಸಿಕ್ಕಿತು? ಅವನು ಯೆಹೂದಿ. 1938ರ ಜನಾಂಗೀಯ ಕಾಯಿದೆಗಳು ಅವನ ಅಧ್ಯಾಪಕ ಹುದ್ದೆಯನ್ನು ಕಿತ್ತುಕೊಂಡವು. ಮರುವರ್ಷ ಸಿಯೆನಾದಲ್ಲಿ ನಡೆದ ವಿವಾಲ್ದಿ ಸಪ್ತಾಹದಲ್ಲಿ ‘ಲೊಲಿಂಪಿಯಾದೆ’ ಒಪೆರಾ ಸುಮಾರು ಇನ್ನೂರು ವರ್ಷಗಳ ಬಳಿಕ ರಂಗ ಕಂಡಾಗ ಆ ಸಂಭ್ರಮ ಅವನದಾಗಿರಲಿಲ್ಲ. ಅದು 1939ರ ಸೆಪ್ಟೆಂಬರ್. ಯುರೋಪಿನಲ್ಲಿ ಆಗ ಒಪೆರಾ ಬಗ್ಗೆ ಯೋಚಿಸುವವರೂ ಬಹಳ ಇರಲಿಲ್ಲ. ವಿವಾಲ್ದಿಯ ಹೆಸರಿನಲ್ಲಿ ಸುಮಾರು 50 ಒಪೆರಾಗಳ ಶೀರ್ಷಿಕೆಗಳು ಗೊತ್ತಿವೆ, ಅವುಗಳಲ್ಲಿ ಸಂಗೀತ ಉಳಿದಿರುವುದು 20ರ ಆಸುಪಾಸಿಗೆ. ಆ ಇಪ್ಪತ್ತರ ಬಹುಪಾಲು ಟ್ಯೂರಿನ್‌ನ ಈ ಪೆಟ್ಟಿಗೆಗಳಲ್ಲೇ ಇದ್ದವು. 1977ರಲ್ಲಿ ಮೆರಿಲಿನ್ ಹಾರ್ನ್ ಹಾಡಿದ ‘ಓರ್ಲಾಂದೊ ಫುರಿಯೋಸೊ’ ಧ್ವನಿಮುದ್ರಿಕೆ, 1999ರಲ್ಲಿ ಚೆಚಿಲಿಯಾ ಬಾರ್ತೊಲಿಯ ವಿವಾಲ್ದಿ ಆಲ್ಬಮ್, 2000ದಿಂದ ಇಡೀ ಟ್ಯೂರಿನ್ ಸಂಗ್ರಹವನ್ನು ಧ್ವನಿಮುದ್ರಿಸಲು ಹೊರಟ ಫ್ರಾನ್ಸಿನ ನೈವ್ ಸಂಸ್ಥೆ, ಹೀಗೆ ಅದು ಹನಿಹನಿಯಾಗಿ ಕೇಳುಗರಿಗೆ ತಲುಪಿತು.

ವಿವಾಲ್ದಿಯದೇ ಇನ್ನೊಂದು ಕೃತಿ ‘ಮೊತೆಜುಮಾ’. 1733ರಲ್ಲಿ ವೆನಿಸ್‌ನಲ್ಲಿ ಆಡಿದ ಮೇಲೆ ಅದರ ಸಂಗೀತ ಕಳೆದಿತ್ತು. ಬರ್ಲಿನ್‌ನ ಹಳೆಯ ಗಾಯನಸಂಘವೊಂದರ ಸಂಗ್ರಹ ಎರಡನೆಯ ಮಹಾಯುದ್ಧದ ಗದ್ದಲದಲ್ಲಿ ಸೋವಿಯತ್ ಸೇನೆಯ ಕೈಸೇರಿ, 1999ರಲ್ಲಿ ಕೀವ್‌ನಲ್ಲಿ ಪತ್ತೆಯಾಗಿ, 2001ರಲ್ಲಿ ಬರ್ಲಿನ್‌ಗೆ ಮರಳಿತು. ಮರುವರ್ಷ ಅದರೊಳಗೆ ‘ಮೊತೆಜುಮಾ’ ಸಿಕ್ಕಿತು, ಹಲವು ಪುಟಗಳನ್ನು ಕಳೆದುಕೊಂಡ ಸ್ಥಿತಿಯಲ್ಲಿ. 2005ರಲ್ಲಿ ಹಾಡಲು ಹೊರಟಾಗ ಶುರುವಾದದ್ದು ವ್ಯಾಜ್ಯ. ಇದುವರೆಗೆ ಪ್ರಕಟವಾಗದ ಕೃತಿ ಇದು, ಮೊದಲು ಪ್ರಕಟಿಸುವ ಹಕ್ಕು ತಮ್ಮದೆಂದು ಸಂಗ್ರಹದ ಒಡೆಯರು ವಾದಿಸಿದರು. 1741ರಲ್ಲಿ ಸತ್ತವನ ಸಂಗೀತಕ್ಕೆ ಇಪ್ಪತ್ತೊಂದನೆಯ ಶತಮಾನದಲ್ಲಿ ಹಕ್ಕುಸ್ವಾಮ್ಯ! 2009ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ವಾದವನ್ನು ತಳ್ಳಿಹಾಕಿತು. ವಿವಾಲ್ದಿಯ ಕಾಲದಲ್ಲಿ ಕೈಬರಹದ ಪ್ರತಿಗಳನ್ನು ಕೇಳಿದವರಿಗೆ ಮಾಡಿಕೊಡುವುದೇ ಪ್ರಕಟಣೆಯ ರೀತಿಯಾಗಿತ್ತು, ಆದ್ದರಿಂದ ಇದು ಅಪ್ರಕಟಿತ ಎಂಬುದು ಸಾಬೀತಾಗಿಲ್ಲ ಎಂಬುದು ತೀರ್ಪಿನ ತಿರುಳು. ಹದಿನೆಂಟನೆಯ ಶತಮಾನದ ರಂಗವ್ಯವಹಾರವನ್ನು ನ್ಯಾಯಾಧೀಶರು ಅನೇಕ ಸಂಗೀತ ವಿಮರ್ಶಕರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು ಎನ್ನಬೇಕು.

ಕಾಗದ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಆ ಕಾಗದದ ಮೇಲೆ ಏನಿರುತ್ತದೆ?

ಕವಾಲ್ಲಿಯ ಒಂದು ಪುಟವನ್ನು ತೆರೆದರೆ ಹೆಚ್ಚಿನ ಕಡೆ ಕಾಣುವುದು ಎರಡೇ ಸಾಲು. ಮೇಲೆ ಹಾಡುವವನ ಸಾಲು, ಕೆಳಗೆ ಮಂದ್ರ ಸ್ವರಗಳ ಸಾಲು. ನಡುವೆ ಖಾಲಿ. ಆ ಮಂದ್ರದ ಮೇಲೆ ಯಾವ ಸ್ವರಮೇಳ ಕಟ್ಟಬೇಕು, ಯಾವ ವಾದ್ಯ ಎಷ್ಟು ನುಡಿಯಬೇಕು ಎಂಬುದನ್ನು ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯದ ಮುಂದೆ ಕೂತವರು, ಥಿಯೋರ್ಬೊ ಎಂಬ ಉದ್ದ ಕತ್ತಿನ ತಂತಿವಾದ್ಯ ಹಿಡಿದವರು ಆ ಕ್ಷಣಕ್ಕೆ ತಾವೇ ನಿರ್ಧರಿಸುತ್ತಿದ್ದರು. ಪಿಟೀಲುಗಳು ಎಲ್ಲೋ ಒಮ್ಮೊಮ್ಮೆ ತಲೆಹಾಕುತ್ತವೆ. ‘ಕಲಿಸ್ತೊ’ ಆಡಿದ ರಂಗಮಂದಿರದಲ್ಲಿ ವಾದ್ಯಗಾರರು ಬೆರಳೆಣಿಕೆಯಷ್ಟೇ ಇದ್ದರು. ಜತೆಗೆ ಈ ಪುಟಗಳಲ್ಲಿ ಗೀಚಿದ ಭಾಗಗಳಿವೆ, ಇದನ್ನು ಒಂದು ಸ್ವರ ಮೇಲಕ್ಕೆ ಎತ್ತಿ, ನಾಲ್ಕು ಸ್ವರ ಕೆಳಕ್ಕೆ ಇಳಿಸಿ ಎಂಬ ಸೂಚನೆಗಳಿವೆ. ಗಾಯಕಿ ಬದಲಾದರೆ ಸ್ವರವೂ ಬದಲಾಗುತ್ತಿತ್ತು. ಅಂದರೆ ‘ಮೂಲದಂತೆ’ ಆಡಬೇಕೆಂದು ಹಠ ಹಿಡಿದರೆ ಮೂಲವೇ ಕೈಗೆ ಸಿಗುವುದಿಲ್ಲ. ಕವಾಲ್ಲಿ ಬರೆದಿಟ್ಟದ್ದು ಆ ರಾತ್ರಿಗೆ ಬೇಕಾದ ಕನಿಷ್ಠ.

1970ರಲ್ಲಿ ವಾದ್ಯವೃಂದದ ನಿರ್ದೇಶಕ ರೇಮಂಡ್ ಲೆಪರ್ಡ್ ಆ ಖಾಲಿ ಜಾಗವನ್ನು ಧಾರಾಳವಾಗಿ ತುಂಬಿದ. ಗ್ಲೈಂಡ್‌ಬೋರ್ನ್‌ನ ತಂತಿವಾದ್ಯಗಳೆಲ್ಲ ಒಟ್ಟಾಗಿ ಮಿಡಿಯುವ, ರೇಷ್ಮೆ ಹೊದಿಸಿದಂಥ ನಾದ. ಕವಾಲ್ಲಿಯ ಬೇರೆ ಕೃತಿಗಳಿಂದ ಹಾಡುಗಳನ್ನು ತಂದು ಸೇರಿಸಿದ, ದೃಶ್ಯಗಳನ್ನು ಕತ್ತರಿಸಿದ, ಸ್ಥಾಯಿ ಬದಲಿಸಿದ. ಜಾನೆಟ್ ಬೇಕರ್ ದಿಯಾನಾ ಆಗಿಯೂ, ದಿಯಾನಾಳ ವೇಷ ತೊಟ್ಟ ಜೋವೆ ಆಗಿಯೂ ಹಾಡಿದಳು. ಒಂದೇ ಮುಖ, ಒಮ್ಮೆ ತಣ್ಣನೆಯ ದೇವಿ, ಇನ್ನೊಮ್ಮೆ ಬೆಕ್ಕಿನ ಕಣ್ಣಿನ ಕಾಮುಕ. ಆ ಧ್ವನಿಮುದ್ರಿಕೆ ಈಗಲೂ ಸಿಗುತ್ತದೆ. ಮುಂದಿನ ತಲೆಮಾರಿನ ಪಂಡಿತರು ಲೆಪರ್ಡ್‌ನನ್ನು ಚೆನ್ನಾಗಿ ಬೈದರು. 1993ರಲ್ಲಿ ಬ್ರಸೆಲ್ಸ್‌ನಲ್ಲಿ ರೆನೆ ಯಾಕೊಬ್ಸ್ ಹಳೆಯ ಕಾಲದ ವಾದ್ಯಗಳನ್ನು ಹಿಡಿದು, ಹರ್ಬರ್ಟ್ ವೆರ್ನಿಕೆಯ ನಿರ್ದೇಶನದಲ್ಲಿ, ನಕ್ಷತ್ರಪುಂಜಗಳನ್ನು ಚಿತ್ರಿಸಿದ ಗೋಡೆಗಳ ನಡುವೆ ಅದೇ ಕೃತಿಯನ್ನು ಆಡಿಸಿದಾಗ, ಇಗೋ ಇದು ಅಸಲಿ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಯಾಕೊಬ್ಸ್ ಕೂಡ ಸೇರಿಸಿದ! ಕವಾಲ್ಲಿಯ ರಂಗಮಂದಿರ ಕನಸಿನಲ್ಲೂ ಸಾಕಲಾರದಷ್ಟು ವಾದ್ಯಗಳನ್ನು ಅವನು ತಂದಿಟ್ಟ. ವೇಷಧಾರಿ ಜೋವೆಯ ಪಾತ್ರವನ್ನು ಗಂಡುಗಾಯಕನೇ ಕಳ್ಳದನಿಯಲ್ಲಿ ಹಾಡಿದ. ಜನ ನಕ್ಕೂ ನಕ್ಕೂ ಸುಸ್ತಾದರು.

ನನ್ನ ತೀರ್ಮಾನ ಇಷ್ಟು: ಇಬ್ಬರೂ ಸೇರಿಸಿದ್ದರಲ್ಲಿ ತಪ್ಪಿಲ್ಲ. ತುಂಬಲೆಂದೇ ಬಿಟ್ಟ ಜಾಗವದು. ರೇಷ್ಮೆಯಿಂದ ತುಂಬುತ್ತೀರೋ ಕರುಳಿನ ತಂತಿಯಿಂದ ತುಂಬುತ್ತೀರೋ ಎಂಬುದು ಆಯಾ ಕಾಲದ ರುಚಿ. ಲೆಪರ್ಡ್‌ನ ಮೇಲೆ ನನಗಿರುವ ದೂರು ಅವನ ಪಿಟೀಲುಗಳ ಬಗ್ಗೆ ಅಲ್ಲ, ಕತ್ತರಿಯ ಬಗ್ಗೆ.

ಕತ್ತರಿಯ ಮಾತಿಗೆ ಹೋಗುವ ಮುನ್ನ ಕಂಠದ ಮಾತು ಹೇಳಬೇಕು, ಯಾಕೆಂದರೆ ಈ ಕತ್ತರಿಗಳಲ್ಲೆಲ್ಲ ಅತ್ಯಂತ ಕ್ರೂರವಾದದ್ದು ಅದರಲ್ಲಿದೆ. ಹದಿನೆಂಟನೆಯ ಶತಮಾನದ ನಾಯಕ ಪಾತ್ರಗಳು ಬಹುಪಾಲು ಕಾಸ್ತ್ರಾತಿಗಳಿಗೆ, ಅಂದರೆ ದನಿ ಒಡೆಯಬಾರದೆಂದು ಬಾಲ್ಯದಲ್ಲೇ ವೃಷಣ ತೆಗೆಸಿಕೊಂಡ ಗಂಡಸರಿಗೆ ಬರೆದವು. ಆ ಪದ್ಧತಿ ಹೋದದ್ದು ಒಳ್ಳೆಯದಾಯಿತು. ‘ಕಳೆದುಹೋದ ದೈವಿಕ ಕಂಠ’ ಎಂದು ಹಲುಬುವವರನ್ನು ಕಂಡರೆ ನನಗೆ ಸಿಡುಕು. ಕೊನೆಯವರಲ್ಲಿ ಒಬ್ಬನಾದ ಮೊರೆಸ್ಕಿಯ ಧ್ವನಿಮುದ್ರಣಗಳು 1902 ಮತ್ತು 1904ರವು, ಕೇಳಿದರೆ ಸಂಕಟವಾಗುತ್ತದೆ. ಆದರೆ ಅವರಿಗಾಗಿ ಬರೆದ ಸಂಗೀತವನ್ನು ಈಗ ಯಾರು ಹಾಡಬೇಕು? 1920ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಓಸ್ಕರ್ ಹಾಗೆನ್ ಎಂಬ ಕಲಾ ಇತಿಹಾಸಕಾರ ಹ್ಯಾಂಡೆಲ್‌ನ ಇಟಾಲಿಯನ್ ಒಪೆರಾ ‘ರೊದೆಲಿಂದಾ’ವನ್ನು ಹೂತ ಜಾಗದಿಂದ ಎತ್ತಿದಾಗ ಆ ಪಾತ್ರಗಳನ್ನು ಗಡಸು ಗಂಡುದನಿಗೆ ಇಳಿಸಿಬಿಟ್ಟ. ವೀರನ ದನಿ ಗಂಡಸಿನದಾಗಿರಬೇಡವೇ ಎಂಬ ತರ್ಕ. ಇಳಿಸಿದ ತಕ್ಷಣ ಹಾಡು ಪಿಟೀಲುಗಳ ಮೇಲೆ ತೇಲುವುದನ್ನು ಬಿಟ್ಟು ಅವುಗಳಡಿ ಸಿಕ್ಕಿಕೊಳ್ಳುತ್ತದೆ. ಆ ರೂಢಿ ದಶಕಗಟ್ಟಲೆ ನಡೆಯಿತು. ಆಮೇಲೆ ಮೆಜ್ಜೊ ಎಂಬ ಮಧ್ಯಮ ಸ್ಥಾಯಿಯ ಗಾಯಕಿಯರು, ಅವರ ಬೆನ್ನಿಗೆ ಹೆಣ್ಣಿನ ಸ್ಥಾಯಿಯಲ್ಲಿ ಹಾಡುವ ಗಂಡಸರಾದ ಕೌಂಟರ್‌ಟೆನರ್‌ಗಳು ಬಂದರು.

ಇದರ ತುದಿ ಕಂಡದ್ದು 2012ರಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ. ಕೃತಿ ಲಿಯೊನಾರ್ದೊ ವಿಂಚಿಯ ‘ಅರ್ತಸೆರ್ಸೆ’. ಚಿತ್ರ ಬರೆದವನಲ್ಲ, ಇವನು ನೇಪಲ್ಸ್‌ನ ಸಂಗೀತಗಾರ, 1730ರಲ್ಲಿ ಈ ಒಪೆರಾ ರೋಮ್‌ನಲ್ಲಿ ಗೆದ್ದ ನಾಲ್ಕು ತಿಂಗಳೊಳಗೇ ಸತ್ತವನು. ಯಾರೋ ಬಿಸಿ ಚಾಕೊಲೇಟಿನಲ್ಲಿ ವಿಷ ಹಾಕಿದರೆಂದು ಗಾಳಿಸುದ್ದಿ ಹಬ್ಬಿತ್ತು. ಪೋಪರ ರೋಮ್‌ನಲ್ಲಿ ಹೆಂಗಸರು ರಂಗವೇರುವಂತಿರಲಿಲ್ಲ, ಹಾಗಾಗಿ ರಾಜಕುಮಾರಿಯರ ಪಾತ್ರಗಳೂ ಗಂಡಸರಿಗೇ. ನಾನ್ಸಿಯಲ್ಲಿ ಅದೇ ಕಟ್ಟಳೆಯನ್ನು ಪಾಲಿಸಿ ಐವರು ಕೌಂಟರ್‌ಟೆನರ್‌ಗಳನ್ನು ಒಟ್ಟು ಸೇರಿಸಿದರು: ಜರೂಸ್ಕಿ, ಚೆಂಚಿಚ್, ಫಜೊಲಿ, ಸಬಾದುಸ್, ಮಿನೆಂಕೊ. ಮೂವತ್ತು ವರ್ಷ ಹಿಂದಾಗಿದ್ದರೆ ಇಂಥ ಐವರನ್ನು ಒಟ್ಟುಗೂಡಿಸುವುದು ಕನಸಿನ ಮಾತು. ಮೊದಲ ಅಂಕದ ಕೊನೆಯಲ್ಲಿ ಅರ್ಬಾಚೆ ಎಂಬ ಪಾತ್ರದ ಆರಿಯಾ, ಎಂದರೆ ಒಬ್ಬನೇ ಹಾಡುವ ಹಾಡು, ಇದೆ. ಅಪ್ಪ ಮಾಡಿದ ಕೊಲೆ ತನ್ನ ತಲೆಗೆ ಬಂದಿದೆ, ನಿಜ ಹೇಳುವಂತಿಲ್ಲ. ಹಾಯಿಯಿಲ್ಲದ ದೋಣಿಯಲ್ಲಿ ಕ್ರೂರ ಕಡಲನ್ನು ಸೀಳುತ್ತಿದ್ದೇನೆ ಎಂದು ಹಾಡುತ್ತಾನೆ. ಫ್ರಾಂಕೊ ಫಜೊಲಿ ಅದನ್ನು ಹಾಡಿದ ವಿಡಿಯೊ ಯೂಟ್ಯೂಬ್‌ನಲ್ಲಿದೆ. ಕಿವಿಗೆ ನಿಲುಕದ ಮೇಲಿನ ಸ್ವರದಿಂದ ಎದೆಯ ಮಂದ್ರಕ್ಕೆ ಒಂದೇ ಜಿಗಿತ, ಉಸಿರು ತೆಗೆದುಕೊಂಡದ್ದೇ ಕಾಣುವುದಿಲ್ಲ. ಮೈತುಂಬ ಗರಿ, ಮುಖಕ್ಕೆ ಬಿಳಿ ಬಣ್ಣ. ಜನ ಕಾಲು ಬಡಿಯುತ್ತಿದ್ದಾರೆ. ಹದಿನೇಳು, ಹದಿನೆಂಟನೆಯ ಶತಮಾನಗಳ ಈ ಬರೋಕ್ ಒಪೆರಾ ಎಂದರೆ ಮ್ಯೂಸಿಯಂ ಎಂದುಕೊಂಡವರಿಗೆ ನಾನು ಮೊದಲು ಕಳಿಸುವುದು ಇದನ್ನೇ.

ಈಗ ಕತ್ತರಿ. ಈ ಒಪೆರಾಗಳು ಉದ್ದ, ಸಂಜೆಯಿಡೀ ನಡೆಯುತ್ತವೆ. ಆರಿಯಾಗಳ ನಡುವೆ ಕಥೆ ಸಾಗುವುದು ಮಾತಿನಂಥ ಹಾಡಿನಲ್ಲಿ, ಅದನ್ನು ರೆಸಿಟೇಟಿವ್ ಎನ್ನುತ್ತಾರೆ. ಇಟಾಲಿಯನ್ ಬಾರದವರಿಗೆ ಅದು ಹಾರ್ಪ್ಸಿಕಾರ್ಡಿನ ಟಣ್‌ಟಣ್ ಜತೆಗಿನ ಗೊಣಗಾಟ. ಹಾಗಾಗಿ ನಿರ್ದೇಶಕರು ಮೊದಲು ಕೈಹಾಕುವುದು ಅದಕ್ಕೆ. ಆರಿಯಾಗಳನ್ನು ಉಳಿಸಿ ಮಾತನ್ನು ಅರ್ಧಕ್ಕಿಳಿಸಿದರೆ ಸಂಜೆ ಚುಟುಕಾಗುತ್ತದೆ ಎಂಬ ಲೆಕ್ಕ. ಆಗುವುದು ಉಲ್ಟಾ. ಯಾರು ಯಾಕೆ ಸಿಟ್ಟಾಗಿದ್ದಾರೆಂದು ತಿಳಿಯದೆ ಸಿಟ್ಟಿನ ಹಾಡುಗಳನ್ನು ಒಂದರ ಮೇಲೊಂದು ಕೇಳುವುದಕ್ಕಿಂತ ಉದ್ದವಾದ ಸಂಜೆ ಇನ್ನೊಂದಿಲ್ಲ. ಎಲ್ಲವನ್ನೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಅಗೆದು ತೆಗೆದದ್ದೆಲ್ಲ ಚಿನ್ನವಲ್ಲ. ಇದ್ದದ್ದು ಇದ್ದಲ್ಲೇ ಇದ್ದರೆ ಚೆನ್ನಾಗಿತ್ತು ಅನ್ನಿಸಿದ ಒಪೆರಾಗಳನ್ನೂ ಕೊನೆಯವರೆಗೆ ಕೂತು ಕೇಳಿದ್ದೇನೆ. ಆದರೆ ಕತ್ತರಿ ಹಿಡಿದವರಿಗೆ ಯಾವ ದಾರ ಎಲ್ಲಿಗೆ ಹೋಗಿದೆ ಎಂಬುದು ಗೊತ್ತಿರಬೇಕು.

ಉದಾಹರಣೆಗೆ ವಿಂಚಿಯದೇ ‘ಅಲೆಸ್ಸಾಂದ್ರೊ ನೆಲ್ಲಿಂದಿಯೆ’, ಎಂದರೆ ಭಾರತದಲ್ಲಿ ಅಲೆಗ್ಸಾಂಡರ್. ‘ಅರ್ತಸೆರ್ಸೆ’ಯ ಹಂಗಾಮಿನಲ್ಲೇ, ಅದೇ ರೋಮ್‌ನ ರಂಗಮಂದಿರದಲ್ಲಿ ಆಡಿದ್ದು, ಪಠ್ಯ ಮೆತಸ್ತಾಸಿಯೊನದು. ಹ್ಯಾಂಡೆಲ್ ಮತ್ತು ಹಾಸ್ಸೆ 1731ರಲ್ಲಿ ಇದೇ ಪಠ್ಯಕ್ಕೆ ತಂತಮ್ಮ ಸಂಗೀತ ಕೊಟ್ಟರು. 2022ರಲ್ಲಿ ಜರ್ಮನಿಯ ಬೈರಾಯ್ಟ್‌ನ ಬರೋಕ್ ಉತ್ಸವದಲ್ಲಿ, 1748ರ ಮರದ ರಂಗಮಂದಿರದಲ್ಲಿ, ಚೆಂಚಿಚ್ ಅದನ್ನು ಮತ್ತೆ ಆಡಿಸಿದ. ಅಲೆಗ್ಸಾಂಡರನ ಎದುರಾಳಿ ಪುರಾಣದ ಪುರೂರವನಲ್ಲ, ಝೇಲಂ ದಂಡೆಯ ಪೋರಸ್. ಇಲ್ಲಿ ಅವನು ಪೋರೊ. ಹಾಡಿದ್ದು ಫಜೊಲಿ. ಅವನು ಪ್ರೀತಿಸುವ ರಾಣಿ ಕ್ಲಿಯೋಫಿದೆ, ಹಾಡಿದ್ದು ಬ್ರೆಜಿಲಿನ ಬ್ರೂನೊ ದೆ ಸಾ, ಹೆಣ್ಣಿನ ಅತಿ ಎತ್ತರದ ಸ್ಥಾಯಿಯಲ್ಲಿ ಹಾಡುವ ಗಂಡು ಸೊಪ್ರಾನೊ. ಭಾರತೀಯರಾದ ನಾವು ಇದನ್ನು ನೋಡುತ್ತ ಗಂಭೀರವಾಗಿ ಕೂರುವುದು ಕಷ್ಟ. ಪೋರೊ ಆಣೆ ಇಡುವುದು ಬಾಕಸ್ ದೇವರ ಮೇಲೆ, ಅದೂ ‘ಇಂಡಿಯಾವನ್ನು ಪಳಗಿಸಿದ ಪವಿತ್ರ ದೈವ’ ಎಂದು ಕರೆದು! ತನ್ನ ನಾಡನ್ನು ಗೆದ್ದ ಗ್ರೀಕ್ ದೇವರ ಮೇಲೆ ಆಣೆಯಿಡುವ ಭಾರತದ ರಾಜ. ಕೊನೆಯ ಅಂಕದಲ್ಲಿ, ಪೋರೊ ಸತ್ತನೆಂದು ನಂಬಿದ ರಾಣಿ ಬಾಕಸ್‌ನ ಗುಡಿಯಲ್ಲಿ ಚಿತೆ ಏರಲು ಹೊರಡುತ್ತಾಳೆ. ಯುರೋಪಿಗೆ ಭಾರತವೆಂದರೆ ಆನೆ, ಅಸೂಯೆ ಮತ್ತು ಸತಿ.

ಚೆಂಚಿಚ್ ಈ ಭಾರತವನ್ನು ತಿದ್ದಲು ಹೋಗಲಿಲ್ಲ, ಅದಕ್ಕೊಂದು ಚೌಕಟ್ಟು ಹಾಕಿದ. ನಾಟಕ ನಡೆಯುವುದು ಬ್ರೈಟನ್‌ನಲ್ಲಿ ನಾಲ್ಕನೆಯ ಜಾರ್ಜ್ ಕಟ್ಟಿಸಿದ ಪೆವಿಲಿಯನ್‌ನೊಳಗೆ. ಭಾರತ ನೋಡದ ಇಂಗ್ಲಿಷ್ ದೊರೆ ಭಾರತದ ಗುಮ್ಮಟಗಳ ಹುಚ್ಚಿನಲ್ಲಿ ಎಬ್ಬಿಸಿದ ಅರಮನೆ ಅದು. ಆ ಆಸ್ಥಾನದ ಜನ ಮೋಜಿಗೆ ‘ಭಾರತ’ ಆಡುತ್ತಿದ್ದಾರೆ. ನಡುನಡುವೆ ಬಾಲಿವುಡ್ ಧಾಟಿಯ ಕುಣಿತ. ಮೊದಲ ಕುಣಿತಕ್ಕೆ ನಾನು ಕಣ್ಣು ಮುಚ್ಚಿಕೊಂಡೆ, ಎರಡನೆಯದಕ್ಕೆ ನಗು ಬಂತು, ಆಮೇಲೆ ತಾಳ ಹಾಕಿದೆ. ವಿಂಚಿಯ ಲಯಕ್ಕೆ ಆ ಹೆಜ್ಜೆಗಳು ಎಷ್ಟು ಸಲೀಸಾಗಿ ಕೂತವೆಂದರೆ, ಅದನ್ನು ಅಪಚಾರ ಎನ್ನುವ ಮನಸ್ಸಾಗಲಿಲ್ಲ. ಇದೂ ಸೇರಿಸಿದ್ದೇ. 1730ರಲ್ಲಿ ಅಂಕಗಳ ನಡುವೆ ಏನೇನು ಕುಣಿಸುತ್ತಿದ್ದರೋ ಅದಕ್ಕಿಂತ ಇದು ಕೃತಿಗೆ ದೂರವೇನಲ್ಲ.

ಆದರೆ ಅದೇ ಪ್ರದರ್ಶನ ಗೆದ್ದದ್ದು ಕುಣಿತದಿಂದಲ್ಲ. ಮೊದಲ ಅಂಕದಲ್ಲಿ ಪೋರೊ ಹೊಟ್ಟೆಕಿಚ್ಚಿನಿಂದ ಬೇಯುತ್ತಾನೆ: ಕ್ಲಿಯೋಫಿದೆ ಅಲೆಸ್ಸಾಂದ್ರೊನತ್ತ ವಾಲುತ್ತಿದ್ದಾಳೆಯೇ? ಅವಳು ಸಮಾಧಾನ ಹೇಳುತ್ತಾಳೆ. ಅವನು ನಾಚಿ, ಇನ್ನು ಮುಂದೆ ಅನುಮಾನಪಟ್ಟರೆ ಆ ದೈವ ನನ್ನನ್ನು ದಂಡಿಸಲಿ ಎಂದು ಒಂದು ಆರಿಯಾ ಹಾಡುತ್ತಾನೆ. ಅವಳೂ ಹಾಡುತ್ತಾಳೆ: ನಿನ್ನ ನೆಮ್ಮದಿ ಕೆಡಿಸಿದರೆ, ಬೇರೆ ದೀಪಕ್ಕೆ ಸೋತರೆ, ನನ್ನೆದೆಗೆ ಶಾಂತಿಯಿರದಿರಲಿ. ಮುಂದೆ ಅಲೆಸ್ಸಾಂದ್ರೊನ ಬಿಡಾರದಲ್ಲಿ, ಮಾರುವೇಷದಲ್ಲಿ ನಿಂತ ಪೋರೊನ ಕಣ್ಣೆದುರೇ, ಅವಳು ರಾಜಕೀಯಕ್ಕಾಗಿ ಶತ್ರುವಿನೊಡನೆ ಮೆತ್ತಗೆ ಮಾತಾಡುತ್ತಾಳೆ. ಇವನು ಅಲ್ಲೇ ಉರಿದು ಚುಚ್ಚುತ್ತಾನೆ. ಎಲ್ಲರೂ ಹೋದ ಮೇಲೆ ಇಬ್ಬರೇ ಉಳಿಯುತ್ತಾರೆ. ಆಗ ಪೋರೊ ಹಾಡುವುದು ಅವಳ ಆಣೆಯ ಸಾಲುಗಳನ್ನು. ಕ್ಲಿಯೋಫಿದೆ ತಿರುಗಿಸಿ ಹಾಡುವುದು ಅವನ ಆಣೆಯನ್ನು. ಪ್ರೀತಿಯ ಪದಗಳೆಲ್ಲ ಹಾಗೇ ಇವೆ, ಒಂದಕ್ಷರ ಬದಲಾಗಿಲ್ಲ. ಬಾಯಿ ಮಾತ್ರ ಅದಲುಬದಲು. ಗಂಡ ಹೆಂಡತಿ ಜಗಳದಲ್ಲಿ ಒಬ್ಬರು ಹಿಂದೆ ಆಡಿದ ಮಾತನ್ನೇ ಎತ್ತಿ ಇನ್ನೊಬ್ಬರ ಮುಖಕ್ಕೆ ಎಸೆಯುವುದನ್ನು ಮೆತಸ್ತಾಸಿಯೊ ಎಲ್ಲಿಂದ ಕೇಳಿ ಬರೆದನೋ! ಬೈರಾಯ್ಟ್‌ನ ಪ್ರೇಕ್ಷಕರು ಇಲ್ಲಿ ಗೊಳ್ಳೆಂದು ನಕ್ಕರು, ಏಕೆಂದರೆ ಅವರು ಎರಡೂ ಆಣೆಗಳನ್ನು ಪೂರ್ತಿ ಕೇಳಿಸಿಕೊಂಡಿದ್ದರು, ನಡುವಿನ ಮಾತುಗಳನ್ನು ರಂಗದ ಮೇಲ್ಭಾಗದ ಪಟ್ಟಿಯಲ್ಲಿ ಓದಿಕೊಂಡಿದ್ದರು. ಮೇಣದಬತ್ತಿ ಹಿಡಿದು ಓದುತ್ತಿದ್ದವರ ಕೆಲಸವನ್ನು ಈಗ ಆ ಪಟ್ಟಿ ಮಾಡುತ್ತದೆ.

ಆ ಎರಡು ಆಣೆಗಳಲ್ಲಿ ಒಂದನ್ನು ಹತ್ತು ನಿಮಿಷ ಉಳಿಸಲೆಂದು ತೆಗೆದುಹಾಕಿದ್ದರೆ ಈ ಯುಗಳಗೀತೆ ಬರೀ ಇಂಪಾದ ಯುಗಳಗೀತೆಯಾಗಿರುತ್ತಿತ್ತು, ಏನು ಕಳೆಯಿತೆಂದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಮುಂದೆ ವಿಂಚಿಯ ಉಳಿದ ಒಪೆರಾಗಳನ್ನು, ಅದೇ ಕಾಲದ ಸಂಗೀತಗಾರ ಪೊರ್ಪೊರಾನದನ್ನು, ಕವಾಲ್ಲಿಯ ಇನ್ನೂ ಹಾಡದೆ ಬಿಟ್ಟವನ್ನು ಎತ್ತಿಕೊಳ್ಳುವವರು ಬೇಕಿದ್ದರೆ ಇನ್ನೊಂದು ಕುಣಿತ ಸೇರಿಸಲಿ, ಎರಡು ಥಿಯೋರ್ಬೊ ಹೆಚ್ಚಿಗೆ ತರಲಿ. ಪಠ್ಯವನ್ನು ಮಾತ್ರ ಕೊನೆಯ ದೃಶ್ಯದಿಂದ ಹಿಂದಕ್ಕೆ ಒಮ್ಮೆ ಓದಿ, ಆಮೇಲೆ ಕತ್ತರಿ ಹುಡುಕಲಿ.